ಅರ್ಥಿಂಗ್ ಇದ್ದರೂ ಗರಗಸ ಯಂತ್ರದ ಮೈ ಮುಟ್ಟಿದರೆ ಜುಮ್ಮೆನ್ನುವುದೇಕೆ?

ಕಲಬುರಗಿಯ ಕಪನೂರಿನಲ್ಲಿ ಬಾಡಿಗೆ ಶೆಡ್ ಹಿಡಿದು ಮರಗೆಲಸ ಆರಂಭಿಸಿರುವ ನೀವು, 5 ಎಚ್‌ಪಿ ಗರಗಸ ಯಂತ್ರವನ್ನು ಮುಟ್ಟಿದಾಗಲೆಲ್ಲ ಕೈ ಜುಮ್ಮೆನ್ನುತ್ತದೆ, ಆದರೆ ಎಲೆಕ್ಟ್ರಿಷಿಯನ್ ಅರ್ಥಿಂಗ್ ಇದೆ, ಭಯವಿಲ್ಲ ಎನ್ನುತ್ತಾರೆ, ನಂಬಬಹುದೇ ಎಂದು ಕೇಳಿದ್ದೀರಿ. ನಂಬಬೇಡಿ. ಮೊದಲು ಆ ಯಂತ್ರದ ಮೇನ್ ಸ್ವಿಚ್ ಇಳಿಸಿ ಫ್ಯೂಸ್ ಕಿತ್ತಿಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಇದೇ ಊರಿನಲ್ಲಿ ಹಲವು ವರ್ಷ ಲೇತ್ ನಡೆಸಿದವನಾಗಿ ಹೇಳುವುದಾದರೆ, ಅರ್ಥಿಂಗ್ ಎಂದರೆ ಗುಂಡಿ ತೋಡಿ ಪೈಪು ಹುಗಿದು ಉಪ್ಪು, ಇದ್ದಿಲು ಸುರಿದರೆ ಮುಗಿಯಿತು ಎಂಬ ಭಾವನೆ ನಮ್ಮಲ್ಲಿ ಬಹಳ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಯಂತ್ರದೊಳಗೆ ಫೇಸ್ ತಂತಿ ಮೈಗೆ ತಗುಲಿದೆ, ಭೂಮಿಯ ಮೂಲಕ ಕರೆಂಟು ಹಿಂದಿರುಗುವ ದಾರಿಯ ಒಟ್ಟು ಪ್ರತಿರೋಧ 10 ಓಮ್ ಇದೆ ಎಂದುಕೊಳ್ಳಿ. 230 ವೋಲ್ಟಿಗೆ ಅಲ್ಲಿ ಹರಿಯುವುದು 23 ಆಂಪಿಯರ್ ಮಾತ್ರ. ನಿಮ್ಮ ಬೋರ್ಡಿನಲ್ಲಿ 32 ಆಂಪಿಯರಿನ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಇದ್ದರೆ ಅದು ಬೀಳುವುದೇ ಇಲ್ಲ. ಅರ್ಥಿಂಗ್ ಇದ್ದೂ ಯಂತ್ರದ ಮೈಮೇಲೆ ಅಪಾಯದ ವೋಲ್ಟೇಜ್ ಹಾಗೆಯೇ ನಿಂತಿರುತ್ತದೆ.

ನಮ್ಮ ನೆಲವೂ ಇದಕ್ಕೆ ಕೈಜೋಡಿಸುತ್ತದೆ. ಎರೆಮಣ್ಣು ಹಸಿಯಾಗಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ, ಆದರೆ ಏಪ್ರಿಲ್–ಮೇ ಬಿಸಿಲಿಗೆ ಬಿರುಕುಬಿಟ್ಟು ಪೈಪಿನಿಂದ ದೂರ ಸರಿಯುವುದರಿಂದ, ಶ್ರಾವಣದಲ್ಲಿ ಅಳೆದಾಗ ಒಳ್ಳೆಯದೆನಿಸಿದ ಅರ್ಥಿಂಗ್ ಬೇಸಿಗೆಯಲ್ಲಿ ಹೆಸರಿಗಷ್ಟೇ ಉಳಿದಿರಬಹುದು. ಶಹಾಬಾದ್, ಸೇಡಂ ಕಡೆ ಕೆಲವೇ ಅಡಿಗೆ ಕಲ್ಲು ಸಿಗುತ್ತದೆ, ಎರಡೂವರೆ ಮೀಟರ್ ಪೈಪು ಇಳಿಸುವುದೇ ಕಷ್ಟ. ಆದ್ದರಿಂದ ಅಳತೆಯನ್ನು ಬೇಸಿಗೆಯಲ್ಲೇ ಅರ್ಥ್ ಟೆಸ್ಟರ್ ಇಟ್ಟು ಮಾಡಿಸಿ, ಗುಂಡಿಗೆ ಆಗಾಗ ನೀರು ಹಾಕಿಸಿ. ಮೂರು ಫೇಸಿನ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥ್ ತಂತಿಗಳು ಇರಬೇಕೆಂಬುದು ನಿಯಮ. ನಿಮ್ಮಲ್ಲಿ ಒಂದೇ ಇದ್ದರೆ ಇನ್ನೊಂದನ್ನು ಎಳೆಸಿ.

ಇಷ್ಟಾದರೂ ಜೀವ ಉಳಿಸುವ ಸಾಧನ ಬೇರೆಯೇ ಇದೆ, ಅದು 30 ಮಿಲಿಆಂಪಿಯರಿನ ನಾಲ್ಕು ಪೋಲಿನ (ಮೂರು ಫೇಸ್, ಒಂದು ನ್ಯೂಟ್ರಲ್) ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಕ್ಷಣದ ಒಂದು ಭಾಗದೊಳಗೆ ಅದು ಬೀಳುತ್ತದೆ, ಅರ್ಥಿಂಗ್ 100 ಓಮ್ ಇದ್ದರೂ ಬೀಳುತ್ತದೆ. ಅತಿಯಾದ ಲೋಡ್ ಅದಕ್ಕೆ ತಿಳಿಯದು, ಎಂಸಿಬಿ ಜೊತೆಗೇ ಇರಬೇಕು. ನ್ಯೂಟ್ರಲ್ ಸಿಗದಿದ್ದಾಗ ಅರ್ಥ್ ತಂತಿಯಿಂದಲೇ ಬಲ್ಬು ಹಚ್ಚುವ ಚಾಳಿ ನಿಮ್ಮ ಶೆಡ್ಡಿನಲ್ಲೂ ಇದ್ದರೆ ಆರ್‌ಸಿಸಿಬಿ ಆನ್ ಆಗಿ ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತದೆ. ಆಗ ಸಾಧನವೇ ಕೆಟ್ಟದ್ದೆಂದು ಅದನ್ನು ಬೈಪಾಸ್ ಮಾಡುವವರನ್ನು ನಾನು ಕಂಡಿದ್ದೇನೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಇನ್ನು ಮೋಟಾರನ್ನು ಚಾಲೂ ಮಾಡುವ ಸ್ಟಾರ್ಟರ್ ವಿಷಯ. 5 ಎಚ್‌ಪಿ ಮೋಟಾರು 415 ವೋಲ್ಟಿನಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ, ನೇರ ಸ್ಟಾರ್ಟರಿನಲ್ಲಿ (ಪೂರ್ಣ ವೋಲ್ಟೇಜನ್ನೇ ಒಮ್ಮೆಲೇ ಮೋಟಾರಿಗೆ ಕೊಡುವುದು) ಓವರ್‌ಲೋಡ್ ರಿಲೇ (ಲೋಡ್ ಹೆಚ್ಚಾದರೆ ಮೋಟಾರು ನಿಲ್ಲಿಸುವ ಭಾಗ) ಮೋಟಾರಿನ ಫಲಕದ ಮೇಲಿರುವ ಆಂಪಿಯರಿಗೇ ಹೊಂದಿಕೊಂಡಿರಬೇಕು. ಬರಿಯ ಸ್ವಿಚ್ಚಿನಿಂದ ಓಡಿಸುತ್ತಿದ್ದರೆ ಕರೆಂಟು ಹೋಗಿ ಬಂದಾಗ ಗರಗಸ ತಾನಾಗಿ ತಿರುಗತೊಡಗುತ್ತದೆ. ನನ್ನ ಲೇತಿನಲ್ಲಿ ಹೀಗಾದಾಗ ತುಂಡನ್ನು ಹಿಡಿದು ತಿರುಗಿಸುವ ಚಕ್‌ನಲ್ಲಿ ಕೀಲಿ ಇತ್ತು. ಅದು ಹಾರಿ ಎದುರಿನ ತಗಡಿಗೆ ಬಡಿಯಿತು, ಅಲ್ಲಿ ಯಾರೂ ನಿಂತಿರಲಿಲ್ಲ. ನೋ-ವೋಲ್ಟ್ ಕಾಯಿಲ್ (ಕರೆಂಟು ಹೋದೊಡನೆ ಸ್ಟಾರ್ಟರನ್ನು ಬಿಡಿಸುವ ಸುರುಳಿ) ಇರುವ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ಮಲಗಿಯೇ ಇರುತ್ತದೆ. ಗಾಳಿಮಳೆಗೆ ಒಂದು ಫೇಸ್ ಹೋದರೆ ಮೋಟಾರು ಸುಡದಂತೆ ಸಿಂಗಲ್ ಫೇಸ್ ಪ್ರಿವೆಂಟರ್ ಕೂಡ ಹಾಕಿಸಿ.

ನಿಮ್ಮ ಜುಮ್ಮಿನ ಮೂಲ ಬಹುಶಃ ಟರ್ಮಿನಲ್ ಪೆಟ್ಟಿಗೆಯಲ್ಲಿ ಕುಳಿತ ಹಸಿ ಮರದಪುಡಿ ಅಥವಾ ಸವೆದ ತಂತಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಕರೆಂಟು ಪೂರ್ತಿ ಕಡಿತಗೊಳಿಸಿ 500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆಯ ಪ್ರತಿರೋಧ ಅಳೆಯುವ ಸಾಧನ) ಹಾಕಿಸಿ; 1 ಮೆಗಾ ಓಮಿಗಿಂತ ಕಡಿಮೆ ಬಂದರೆ ಮೋಟಾರು ಬಿಚ್ಚಿಸುವವರೆಗೆ ಫ್ಯೂಸ್ ನಿಮ್ಮ ಜೇಬಿನಲ್ಲೇ ಇರಲಿ.