ಮಲಗಿದ ನಾಯಿಯ ಉಸಿರು ಎಣಿಸಲು ಎಕೋ ಯಂತ್ರ ಬೇಕಿಲ್ಲ

ಪ್ರಶ್ನೆ: ಮೇಡಂ, ನಾನು ಪಶುವೈದ್ಯಕೀಯ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ‘ನಾಯಿಗಳಲ್ಲಿ ಹೃದಯರೋಗ: ಕಾರಣ, ಪತ್ತೆ ಮತ್ತು ಚಿಕಿತ್ಸೆ’ ಎಂದು ಬರೆದು ಕೊಟ್ಟಿದ್ದೇನೆ. ನಾಲ್ಕು ತಿಂಗಳು ಸಮಯವಿದೆ. ಸ್ಟೆತಾಸ್ಕೋಪ್ ಇದೆ, ಎಕ್ಸ್‌ರೇಗಳು ನೋಡಲು ಸಿಗುತ್ತವೆ. ಹೃದಯವನ್ನು ಸ್ಕ್ಯಾನ್ ಮಾಡಿ ತೋರಿಸುವ ಎಕೋ ಯಂತ್ರ ಮಾತ್ರ ನಮ್ಮಂಥವರ ಕೈಗೆ ಬರುವುದಿಲ್ಲ. ಎಕೋ ಇಲ್ಲದೆ ಹೃದಯದ ಮೇಲೆ ಪ್ರಾಜೆಕ್ಟ್ ಮಾಡಿದರೆ ಅದಕ್ಕೆ ಬೆಲೆ ಇರುತ್ತದಾ? ಎಲ್ಲಿಂದ ಶುರು ಮಾಡಲಿ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಮ್ಮ ವಿಷಯದ ಹೆಸರು ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ವಿದ್ಯಾರ್ಥಿಯಾಗಿದ್ದಾಗ ನಾನೂ ಹೆಚ್ಚುಕಡಿಮೆ ಇದನ್ನೇ ಬರೆದು ಕೊಟ್ಟಿದ್ದೆ. ನನ್ನ ಗೈಡ್ ಬೈಯಲಿಲ್ಲ. ಕೆಂಪು ಪೆನ್ನಿನಲ್ಲಿ ‘ಕಾರಣ’ ಹೊಡೆದರು, ‘ಚಿಕಿತ್ಸೆ’ ಹೊಡೆದರು, ಆಮೇಲೆ ‘ಹೃದಯರೋಗ’ವನ್ನೂ ಹೊಡೆದರು. ಉಳಿದದ್ದು ‘ನಾಯಿಗಳಲ್ಲಿ ಪತ್ತೆ’. “ಏನನ್ನ ಪತ್ತೆ ಮಾಡ್ತೀಯ? ಅದನ್ನ ಯೋಚನೆ ಮಾಡಿಕೊಂಡು ಬಾ” ಅಂದರು. ಒಂದು ವಾರ ನಿದ್ದೆ ಬರಲಿಲ್ಲ.

ಹೃದಯರೋಗ ಅಂದರೆ ಒಂದು ರೋಗವಲ್ಲ. ನಾಯಿಗಳಲ್ಲಿ ಕಾಣುವ ಹೃದಯದ ತೊಂದರೆಯಲ್ಲಿ ಸುಮಾರು ಮುಕ್ಕಾಲು ಪಾಲು ಮೈಟ್ರಲ್ ಕವಾಟದ್ದು. ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲು ಅದು. ವಯಸ್ಸಾಗುತ್ತಾ ಅದರ ಅಂಚು ದಪ್ಪವಾಗಿ ಗಂಟು ಗಂಟಾಗುತ್ತದೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ರಕ್ತ ಹಿಂದಕ್ಕೆ ಸೋರುತ್ತದೆ. ಡ್ಯಾಷ್‌ಹುಂಡ್, ಕವಲಿಯರ್ ಸ್ಪ್ಯಾನಿಯಲ್‌ನಂಥ ಚಿಕ್ಕ ಜಾತಿಗಳ ಕಾಯಿಲೆ ಇದು. ಡಾಬರ್‌ಮನ್, ಗ್ರೇಟ್ ಡೇನ್ ಥರದ ದೊಡ್ಡ ಜಾತಿಗಳ ಕಥೆಯೇ ಬೇರೆ. ಅಲ್ಲಿ ಕೆಡುವುದು ಸ್ನಾಯು. ಹೃದಯ ಹಿಗ್ಗಿ ಸಡಿಲವಾಗುತ್ತದೆ. ಸ್ಟೆತಾಸ್ಕೋಪಿಗೆ ಏನೂ ಕೇಳದೆ ಇರಬಹುದು, 24 ಗಂಟೆಯ ಇಸಿಜಿ ಮಾಡಿದಾಗ ಮಾತ್ರ ಬಡಿತ ತಪ್ಪಿದ್ದು ಸಿಗುತ್ತದೆ. ಇನ್ನು ಮರಿಗಳಲ್ಲಿ ಹುಟ್ಟಿನಿಂದಲೇ ಇರುವ ದೋಷಗಳು. ಸೊಳ್ಳೆ ಕಚ್ಚಿ ಬರುವ ಹೃದಯದ ಜಂತು. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಾಕಿ ಸರಾಸರಿ ತೆಗೆದರೆ ಆ ಸಂಖ್ಯೆ ಯಾವ ನಾಯಿಗೂ ಸೇರಿದ್ದಾಗಿರುವುದಿಲ್ಲ. ಹಾಗಾಗಿ ಕವಾಟದ ಕಾಯಿಲೆ ಒಂದನ್ನೇ ಹಿಡಿಯಿರಿ.

ಎಕೋ ಇಲ್ಲ ಅಂತ ಕೊರಗಬೇಡಿ. ಹೃದಯ ಸೋಲತೊಡಗಿದಾಗ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಆಗ ಮಲಗಿದ ನಾಯಿಯ ಉಸಿರು ಜೋರಾಗುತ್ತದೆ. ಎಷ್ಟೋ ಸಲ ಮನೆಯವರಿಗೆ ಬೇರೆ ಯಾವ ಲಕ್ಷಣವೂ ಕಾಣುವ ಮೊದಲೇ ಇದು ಗೊತ್ತಾಗುತ್ತದೆ. ಚೆನ್ನಾಗಿರುವ ನಾಯಿ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡುತ್ತದೆ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಅಂತ ನಾವು ಹೇಳುತ್ತೇವೆ. ಹೇಳುವುದೇನೋ ಸುಲಭ. ಮನೆಯವರು ಸರಿಯಾಗಿ ಎಣಿಸುತ್ತಾರಾ? ನನ್ನ ಪ್ರಕಾರ ನಿಮ್ಮ ಪ್ರಾಜೆಕ್ಟ್ ಇಲ್ಲೇ ಇದೆ.

ನನ್ನ ಬಳಿ ಬರುತ್ತಿದ್ದ ಒಬ್ಬ ಹಿರಿಯರು ಒಂದು ಬೆಳಿಗ್ಗೆ ಗಾಬರಿಯಿಂದ ಓಡಿ ಬಂದರು. ಉಸಿರು 36 ಇದೆ ಅಂದರು. ನಾಯಿ ನೋಡಿದರೆ ಬಾಲ ಅಲ್ಲಾಡಿಸುತ್ತಾ ನನ್ನ ಚಪ್ಪಲಿ ಮೂಸುತ್ತಿತ್ತು. ಹೇಗೆ ಎಣಿಸಿದಿರಿ ಅಂತ ಕೇಳಿದೆ. ಎದೆ ಮೇಲೆ ಹೋದರೆ ಒಂದು, ಕೆಳಗೆ ಬಂದರೆ ಎರಡು ಅಂತ ಎಣಿಸಿದ್ದರು! ಏರುವುದು ಇಳಿಯುವುದು ಸೇರಿ ಒಂದು ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ. ತಪ್ಪು ನನ್ನದೇ. 18 ಇದ್ದದ್ದು 36 ಆಗಿ ಪಾಪ ಅವರು ತಿಂಡಿ ಬಿಟ್ಟು ಬಂದಿದ್ದರು.

ಹೀಗೆ ಮಾಡಬಹುದು. ಆಸ್ಪತ್ರೆಯಲ್ಲಿ ಈಗಾಗಲೇ ಎಕೋ ಆಗಿ, ಕವಾಟದ ಕಾಯಿಲೆ ಅಂತ ಗೊತ್ತಾಗಿರುವ ನಾಯಿಗಳ ಮನೆಯವರನ್ನು ಕೇಳಿ. ಆ ಎಕೋ ಬೇರೆಯವರು ಮಾಡಿದ್ದರೂ ನಿಮಗೆ ಸಾಕು. ನಾಯಿ ಗಾಢ ನಿದ್ದೆಯಲ್ಲಿರುವಾಗ ಮನೆಯವರು ಒಂದು ನಿಮಿಷ ವಿಡಿಯೋ ತೆಗೆಯಲಿ, ತಾವೂ ಎಣಿಸಿ ಬರೆಯಲಿ. ಅದೇ ವಿಡಿಯೋ ನೋಡಿ ನೀವು ಎಣಿಸಿ, ನಿಮ್ಮ ಗೆಳತಿಯೊಬ್ಬಳು ಬೇರೆ ಕೂತು ಎಣಿಸಲಿ. ಕಾಲು ಅದುರುತ್ತಾ ಕನಸು ಕಾಣುತ್ತಿರುವಾಗ ತೆಗೆದದ್ದು ಬೇಡ. ಓಡಾಡಿ ಬಂದು ನಾಲಿಗೆ ಚಾಚಿ ತೇಕುತ್ತಿರುವುದಂತೂ ಬೇಡವೇ ಬೇಡ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬಿಡಿಸಿ. ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.

ಲೆಕ್ಕ ಹಾಕುವಾಗ ಒಂದು ಹಳ್ಳವಿದೆ. ಹೆಚ್ಚಿನವರು ಎರಡು ಎಣಿಕೆಗಳು ಒಟ್ಟೊಟ್ಟಿಗೆ ಏರಿಳಿಯುತ್ತವಾ ಅಂತ ಹೇಳುವ ಕೋರಿಲೇಶನ್ ತೆಗೆದು, 0.9 ಬಂತು ಅಂತ ಖುಷಿಪಡುತ್ತಾರೆ. ಎಲ್ಲ ಮನೆಯವರೂ ಆ ಹಿರಿಯರ ಹಾಗೆ ಎರಡರಷ್ಟು ಎಣಿಸಿದರು ಅಂದುಕೊಳ್ಳಿ. ಕೋರಿಲೇಶನ್ ಪೂರ್ತಿ 1 ಬರುತ್ತದೆ, ಒಂದು ಲೆಕ್ಕವೂ ಸರಿ ಇರುವುದಿಲ್ಲ. ನಿಮಗೆ ಬೇಕಿರುವುದು ಇಬ್ಬರ ಎಣಿಕೆಯ ನಡುವಿನ ವ್ಯತ್ಯಾಸ. ಅದಕ್ಕೆ ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿಕೊಟ್ಟ ವಿಧಾನ ಇದೆ. ಗೈಡ್ ಹತ್ತಿರ ಕೇಳಿ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಎಕ್ಸ್‌ರೇಯನ್ನೇ ಬಳಸುತ್ತೇನೆ ಅಂತೀರಾದರೆ ನನ್ನ ಪೆಟ್ಟು ತಿಂದ ಕಥೆ ಕೇಳಿ. ನಾನು ಕೊನೆಗೆ ಆರಿಸಿಕೊಂಡದ್ದು ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಹೃದಯ ಅಳೆಯುವುದು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಹೃದಯದ ಉದ್ದ, ಅಗಲ ಎರಡನ್ನೂ ತೆಗೆದುಕೊಂಡು, ಎದೆಯ ನಾಲ್ಕನೇ ಮಣಿಯಿಂದ ಹಿಂದಕ್ಕೆ ಎಷ್ಟೆಷ್ಟು ಮಣಿ ಆಯಿತು ಅಂತ ಎಣಿಸಿ ಕೂಡಿಸುವುದು. 1995ರಲ್ಲಿ ಬುಕಾನನ್ ಮತ್ತು ಬುಶೆಲರ್ ಕೊಟ್ಟ ವಿಧಾನ ಇದು. ಹೆಚ್ಚಿನ ನಾಯಿಗಳಲ್ಲಿ 8.5ರಿಂದ 10.5ರ ಒಳಗೆ ಇರುತ್ತದೆ. ನಾನು ಅಳೆದೆ. ಮರ್ಮರ್, ಅಂದರೆ ಬಡಿತದ ನಡುವೆ ಸುಯ್ ಅನ್ನುವ ಸದ್ದು, ಇದ್ದ ನಾಯಿಗಳದ್ದೆಲ್ಲ ದೊಡ್ಡದು, ಇಲ್ಲದವುಗಳದ್ದು ಚಿಕ್ಕದು. ಎಷ್ಟು ಚೆಂದದ ಫಲಿತಾಂಶ ಅಲ್ವಾ? ಗೈಡ್ ಕೇಳಿದ್ದು ಒಂದೇ ಪ್ರಶ್ನೆ: “ಅಳೆಯುವಾಗ ಹೆಸರು ಕಾಣ್ತಿತ್ತಾ?”

ಕಾಣುತ್ತಿತ್ತು. ಯಾವ ನಾಯಿಗೆ ಮರ್ಮರ್ ಇದೆ ಅಂತ ನನಗೆ ಬಾಯಿಪಾಠವಾಗಿತ್ತು. ರೂಮ್‌ಮೇಟ್ ಎಲ್ಲ ಫಿಲಂಗಳ ಹೆಸರಿನ ಮೇಲೆ ಕಾಗದ ಅಂಟಿಸಿ, ಕಲೆಸಿ ಕೊಟ್ಟಳು. ಮತ್ತೆ ಅಳೆದೆ. ಕೆಲವು ‘ದೊಡ್ಡ’ ಹೃದಯಗಳು ಅರ್ಧ ಮಣಿಯಷ್ಟು ಕುಗ್ಗಿದ್ದವು! ಸುಳ್ಳು ಬರೆಯಬೇಕು ಅಂತ ನನಗೇನೂ ಇರಲಿಲ್ಲ. ಹೃದಯದ ಅಂಚು ಮಸುಕಾಗಿದ್ದ ಕಡೆ ಕೈ ತಾನಾಗಿಯೇ ಸ್ಕೇಲನ್ನು ಆಚೆ ಸರಿಸಿತ್ತು, ಅಷ್ಟೇ. ಇನ್ನೊಂದು ಎಡವಟ್ಟೂ ಆಗಿತ್ತು. ಬಾಕ್ಸರ್, ಪಗ್ ಜಾತಿಗಳಲ್ಲಿ ಚೆನ್ನಾಗಿರುವ ಹೃದಯವೇ 10.5 ದಾಟುವುದುಂಟು. ನಾನು ಅವನ್ನೂ ರೋಗದ ಸಾಲಿಗೆ ಸೇರಿಸಿಬಿಟ್ಟಿದ್ದೆ.

ದೊಡ್ಡ ಸಂಶೋಧಕರೂ ಹೀಗೆ ತಾನಾಗಿ ಸರಿಯುವ ಕೈಯನ್ನು ನಂಬುವುದಿಲ್ಲ. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ಓದಿ. ಅದರಲ್ಲಿ 360 ನಾಯಿಗಳಿದ್ದವು. ಎಲ್ಲದಕ್ಕೂ ಕವಾಟದ ಕಾಯಿಲೆ, ಹೃದಯ ದೊಡ್ಡದಾಗಿತ್ತು, ಆದರೆ ಹೊರಗೆ ಲಕ್ಷಣ ಇರಲಿಲ್ಲ. ಅರ್ಧದಷ್ಟಕ್ಕೆ ಹೃದಯಕ್ಕೆ ಬಲ ಕೊಡುವ ಪಿಮೊಬೆಂಡನ್ ಎಂಬ ಔಷಧಿ, ಉಳಿದವಕ್ಕೆ ಔಷಧಿಯಿಲ್ಲದ ಮಾತ್ರೆ. ಯಾವ ನಾಯಿಗೆ ಯಾವುದು ಅಂತ ಮನೆಯವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಔಷಧಿ ಸಿಕ್ಕ ನಾಯಿಗಳಲ್ಲಿ ಹೃದಯ ಸೋಲುವುದು ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಫಲಿತಾಂಶಕ್ಕಿಂತ ಮೊದಲು, ಯಾವ ನಾಯಿಯನ್ನು ಸೇರಿಸಿಕೊಂಡರು, ಯಾವುದನ್ನು ಬಿಟ್ಟರು ಅನ್ನುವ ಭಾಗ ಓದಿ. ನಿಮಗೆ ಕೆಲಸಕ್ಕೆ ಬರುವುದು ಅದು.

ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ, ಮನೆಯವರ ಸಹಿ, ಎರಡೂ ಮೊದಲ ವಿಡಿಯೋಗೂ ಮುಂಚೆ ಕೈಯಲ್ಲಿರಲಿ. ಆಮೇಲೆ ತಗೊಂಡರಾಯಿತು ಅನ್ನೋದು ನಡೆಯಲ್ಲ.

ಪ್ರಶ್ನೆ: ನಮ್ಮ ಒಂಬತ್ತು ವರ್ಷದ ನಾಯಿಗೆ ಗ್ರೇಡ್ 2 ಮರ್ಮರ್ ಇದೆ ಅಂದರು. ಅಲ್ಲಿದ್ದ ವಿದ್ಯಾರ್ಥಿ ತನ್ನ ಪ್ರಾಜೆಕ್ಟ್‌ಗೆ ಸೇರಿಸಿಕೊಳ್ಳಲಾ ಅಂತ ಕೇಳಿದ. ಒಪ್ಪಬಹುದಾ? ಗ್ರೇಡ್ 2 ಅಂದರೆ ತುಂಬಾ ಅಪಾಯವಾ?
– ಒಬ್ಬ ಓದುಗರು

ಉತ್ತರ: ಗ್ರೇಡ್ ಇರುವುದು ಆರರಲ್ಲಿ. ಒಂದು ಅಂದರೆ ಸದ್ದಿಲ್ಲದ ಕೋಣೆಯಲ್ಲಿ ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು. ಐದಾದರೆ ಎದೆಯ ಮೇಲೆ ಕೈ ಇಟ್ಟರೆ ಕಂಪನವೇ ತಾಗುತ್ತದೆ. ನಿಮ್ಮದು ಎರಡು, ಮೆಲ್ಲನೆಯದು. ಆದರೆ ಸದ್ದು ಕೇಳಿ ಹೃದಯದ ಗಾತ್ರ ಹೇಳಲಾಗುವುದಿಲ್ಲ, ಅದಕ್ಕೆ ಎಕ್ಸ್‌ರೇ ಅಥವಾ ಎಕೋ ಒಮ್ಮೆ ಮಾಡಿಸಿ.

ಪ್ರಾಜೆಕ್ಟ್‌ಗೆ ಒಪ್ಪುವ ಮುಂಚೆ ಆ ಹುಡುಗನನ್ನೇ ಕೇಳಿ: ನಾಯಿಗೆ ಏನೇನು ಮಾಡುತ್ತೀಯ, ಮಂಪರು ಬರಿಸುವ ಇಂಜೆಕ್ಷನ್ ಕೊಡುತ್ತೀಯಾ, ಈಗ ಕೊಡುತ್ತಿರುವ ಮಾತ್ರೆ ನಿಲ್ಲಿಸಬೇಕಾ, ಬೇಡ ಅನ್ನಿಸಿದರೆ ನಡುವೆ ಬಿಡಬಹುದಾ. ಮಾತ್ರೆ ನಿಲ್ಲಿಸಿ ಅಂದರೆ ನಿಮ್ಮ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಬರೀ ಸ್ಟೆತಾಸ್ಕೋಪ್ ಇಟ್ಟು ಕೇಳುವುದು, ಉಸಿರು ಎಣಿಸುವುದು ಆದರೆ ಧಾರಾಳವಾಗಿ ಹೋಗಿ. ಮೇಜಿನ ಮೇಲೆ ಹತ್ತಿಸಿದರೆ ಹೆದರಿಕೆಗೆ ಉಸಿರು, ಬಡಿತ ಎರಡೂ ಏರುತ್ತದೆ. ಹಾಗಾಗಿ ಮನೆಯಲ್ಲಿ ಮಲಗಿದ್ದಾಗ ತೆಗೆದ ಒಂದು ನಿಮಿಷದ ವಿಡಿಯೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಹುಡುಗನಿಗೂ ಉಪಯೋಗ.