ಭಯ ಇದೆ ಅಂದರೆ ನಂಬಿಕೆ ಇಲ್ಲ ಅಂತಲ್ಲ
ದೇವರ ಮೇಲೆ ಭಾರ ಹಾಕಿ ಊರು ಬಿಡಲು ಹೊರಟರೂ ಹೆದರಿಕೆ ಹೋಗ್ತಿಲ್ಲ, ನಂಬಿಕೆ ಕಡಿಮೆಯಾ ಅಂತ ಕೇಳಿದ್ದೀರಿ.

ಬೈಬಲ್‌ನ ಅಬ್ರಹಾಮನನ್ನೇ ನೋಡಿ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 12ನೇ ಅಧ್ಯಾಯವನ್ನು ಪೂರ್ತಿ ಓದಿ, ಜಾಸ್ತಿ ಜನ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. 75ನೇ ವಯಸ್ಸಿನಲ್ಲಿ, ದೇವರು ಹೊರಡು ಅಂದಾಗ, ತಾನಿದ್ದ ಹಾರಾನ್ ಊರು ಬಿಟ್ಟ. ದೇವರು ಯಾವ ದೇಶ ಅಂತ ಹೆಸರು ಹೇಳಿರಲಿಲ್ಲ, ತೋರಿಸುತ್ತೇನೆ ಅಂದಿದ್ದಷ್ಟೇ. ಹಾಗಂತ ಬರಿಗೈಲಿ ಹೋಗಲಿಲ್ಲ. ಹೆಂಡತಿ, ಸಹೋದರನ ಮಗ ಲೋಟ, ಗಳಿಸಿದ ಆಸ್ತಿ, ಆಳುಕಾಳು ಎಲ್ಲಾ ಜೊತೆಗಿತ್ತು. ದೇವರು ತೋರಿಸಿದ ಕಾನಾನ್ ದೇಶಕ್ಕೆ ಬಂದರೆ ಬರಗಾಲ! ಈಜಿಪ್ಟಿಗೆ ಹೋಗಬೇಕಾಯಿತು. ಅಲ್ಲಿ ಹೆಂಡತಿಯ ಆಸೆಗೆ ತನ್ನನ್ನು ಕೊಂದುಬಿಡುತ್ತಾರೆ ಅನ್ನುವ ಭಯಕ್ಕೆ, 'ನನ್ನ ತಂಗಿ ಅಂತ ಹೇಳು' ಎಂದು ಹೆಂಡತಿಗೇ ಹೇಳಿಕೊಟ್ಟ. ಅದು ಸರಿ ಅಂತ ನಾನು ಹೇಳಲ್ಲ. ಆದರೆ ನಂಬಿಕೆಗೆ ಹೆಸರಾದವನಿಗೇ ಇಷ್ಟು ಹೆದರಿಕೆ ಇತ್ತು, ಅಲ್ವಾ?

ಹೊರಡುವಾಗ ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಳ್ಳಿ, ನಂಬುವ ಒಬ್ಬರಿಗಾದರೂ ಹೇಳಿ ಹೋಗಿ. ಸುಮ್ನೆ ಅದನ್ನೆಲ್ಲ ಅಪನಂಬಿಕೆ ಅಂದುಕೊಳ್ಳಬೇಡಿ.