ಮರದಚ್ಚು: ಗೆರೆ ಮುಚ್ಚಿಹೋಗುವುದೇಕೆ?

ಪ್ರಶ್ನೆ: ವಿನ್ಯಾಸ ತರಗತಿಯ ಮೊದಲ ವರ್ಷದವರಿಗೆ ಮರದಚ್ಚು (ಮರದ ಹಲಗೆ ಕೆತ್ತಿ, ಉಳಿದ ಉಬ್ಬಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು) ಕಲಿಸುತ್ತಿದ್ದೇನೆ. ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ, ದೊಡ್ಡ ಕಪ್ಪು ಜಾಗ ಚುಕ್ಕೆಚುಕ್ಕೆಯಾಗಿ ಬರುತ್ತದೆ. ಎರಡೂ ಒಟ್ಟಿಗೆ ಹೇಗೆ?

ಉತ್ತರ: ಎರಡಕ್ಕೂ ಕಾರಣ ಶಾಯಿ ಹಚ್ಚುವ ರೀತಿ. ಒಂದೇ ಸಲಕ್ಕೆ ದಪ್ಪಗೆ ಹಚ್ಚಿದರೆ ಶಾಯಿ ಕೆತ್ತಿದ ಗುಳಿಗೆ ಇಳಿಯುತ್ತದೆ. ಹೊಸ ಮರ ಮೊದಲ ಪದರವನ್ನು ಹೀರಿಕೊಳ್ಳುವುದರಿಂದ ಕಪ್ಪು ಸಾಲದಾಗುತ್ತದೆ. ಶಾಯಿ ಹರಡಿದ ಗಾಜಿನ ಮೇಲೆ ರೋಲರ್ ಉರುಳಿಸುವಾಗ ಸಣ್ಣಗೆ ಸರ್ ಎನ್ನಬೇಕು. ಪಚಪಚ ಎಂದರೆ ಶಾಯಿ ಹೆಚ್ಚಾಯಿತು. ತೆಳ್ಳಗೆ 3–4 ಸಲ, ದಿಕ್ಕು ಬದಲಿಸುತ್ತ ಹಚ್ಚಿಸಿ. ಮೊದಲ 2 ಪ್ರತಿಗಳನ್ನು ಪರೀಕ್ಷೆಗೆಂದೇ ಬಿಡಿ. ತೆಳು ಕಾಗದವಿಟ್ಟು ಮರದ ಚಮಚದ ಬೆನ್ನಿನಿಂದ ಉಜ್ಜಲಿ. ಒಂದು ಮೂಲೆಯನ್ನಷ್ಟೇ ಎತ್ತಿ ನೋಡಿ, ಮಾಸಲು ಕಂಡಲ್ಲಿ ಮತ್ತೆ ಉಜ್ಜಲಿ.

ಕೆತ್ತನೆಯನ್ನೂ ಗಮನಿಸಿ. ಗೆರೆಯ ಎರಡೂ ಬದಿ ಹೊರಕ್ಕೆ ಇಳಿಜಾರಾಗಿರಬೇಕು. ಬುಡ ಕೊರೆದರೆ ಒತ್ತಡಕ್ಕೆ ಅಂಚು ಮುರಿಯುತ್ತದೆ. ಹಲಗೆಗೆ ಮೊದಲೇ ತೆಳುವಾಗಿ ಗಾಢ ಬಣ್ಣ ಬಳಿದರೆ ಕೆತ್ತಿದ ಜಾಗ ಬೆಳ್ಳಗೆ ಕಾಣುತ್ತದೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ, ಅಕ್ಷರಗಳಿದ್ದರೆ ಟ್ರೇಸಿಂಗ್ ಕಾಗದವನ್ನು ಮಗುಚಿ ಹಲಗೆಗೆ ಇಳಿಸಬೇಕು. ಒಂದರಲ್ಲಿ ಮಾತ್ರ ರಾಜಿ ಬೇಡ: ಉಳಿಯ ಮುಂದೆ ಎಂದೂ ಬೆರಳಿರಬಾರದು. ಮೇಜಿಗೆ ತಡೆಪಟ್ಟಿ ಕೊಟ್ಟು ಹಲಗೆಯನ್ನು ಅದಕ್ಕೆ ಒತ್ತಿ ನಿಲ್ಲಿಸಿ.